ಹೆಸರು ಕೆತ್ತಿಸಿದ ಹಂಡೆ

"ಅಮ್ಮಾ, ಎಷ್ಟು ಕೊಟ್ಟರೂ ಮನಸ್ಸಿಗೆ ತೃಪ್ತಿಯೇ ಇಲ್ಲವಲ್ಲ, ಯಾಕೆ?" ಎಂದು ಚನ್ನವೀರಮ್ಮ ಮಠದ ಗುರುಮಾತೆಯನ್ನು ಕೇಳಿದಳು. ಕೇಳುವ ಮೊದಲು ಎದ್ದು ಫ್ಯಾನು ಆರಿಸಿದ್ದಳು. ಅದು ಅವಳೇ ಮಠಕ್ಕೆ ಕೊಟ್ಟ ಫ್ಯಾನು. ಮೂರು ರೆಕ್ಕೆಗೂ ತನ್ನ ಹೆಸರು ಬರೆಸಿದ್ದಳು. ತಿರುಗುತ್ತಿದ್ದರೆ ಜನ ಓದುವುದು ಹೇಗೆ?

ಗುರುಮಾತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಹೇಳಿದರು:

"ಒಬ್ಬ ವ್ಯಾಪಾರಿಯ ಹೆಂಡತಿ ಇದ್ದಳು. ತಮ್ಮನ ಮಗಳ ಮದುವೆಗೆ ತಾಮ್ರದ ಹಂಡೆ ಕೊಟ್ಟಳು. ಹಂಡೆಯ ಹೊಟ್ಟೆಯ ಸುತ್ತ ತನ್ನ ಹೆಸರು, ಗಂಡನ ಹೆಸರು, ಅಂಗಡಿಯ ಹೆಸರು ಎಲ್ಲ ಕೆತ್ತಿಸಿದ್ದಳು. ಮದುಮಗಳ ಹೆಸರಿಗೆ ಜಾಗ ಉಳಿಯಲಿಲ್ಲ. ಆಮೇಲೆ ಆ ಹುಡುಗಿಯ ಗಂಡನ ಮನೆಗೆ ಹೋದಾಗಲೆಲ್ಲ, ಕೊಟ್ಟ ನೀರು ಕುಡಿಯುವ ಮೊದಲೇ ಬಚ್ಚಲಿಗೆ ನುಗ್ಗುವಳು. ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೋ ಇಲ್ಲವೋ ನೋಡುವಳು. 'ನನ್ನ ಹಂಡೆ ಕಪ್ಪಾಗಿದೆಯಲ್ಲೇ!' ಎಂದು ಬೀಗರೆದುರೇ ಅಂದುಬಿಡುವಳು. ಹೀಗೆ ಒಂಬತ್ತು ವರ್ಷ.

ಕೊನೆಗೆ ತಮ್ಮನ ಮಗಳು ಹಂಡೆಯ ಫೋಟೊ ತೆಗೆದು, ಮೊಬೈಲಿನಲ್ಲಿ ಹಳೆ ಸಾಮಾನು ಮಾರುವ ಜಾಹೀರಾತಿಗೆ ಹಾಕಿದಳು. ಕೆತ್ತಿಸಿದ ಹೆಸರು ಎದ್ದು ಕಾಣುತ್ತಿತ್ತು. ಊರೆಲ್ಲ ನೋಡಿತು. ನೋಡದವರಿಗೆ ನೋಡಿದವರು ಕರೆದು ತೋರಿಸಿದರು. ಕೊಡುಗೈ ಹೆಂಗಸು ಎಂದು ಮೆರೆದವಳ ಮಾನ ಹೋಗುವ ಹೊತ್ತು. ಅವಳು ಚಪ್ಪಲಿ ಅದಲುಬದಲು ಮೆಟ್ಟಿಕೊಂಡೇ ಓಡಿದಳು.

'ನನ್ನ ಹಂಡೆ ಮಾರೋಕೆ ನೀನ್ಯಾರೇ?'

'ಮಾರೋದೆಲ್ಲಿ ಬಂತು ಅತ್ತೆ? ನಾಲ್ಕು ಜನ ಬಂದು ನೋಡಿದರು. ಬೇರೆಯವರ ಹೆಸರಿದೆ, ಕದ್ದ ಮಾಲೇನಮ್ಮಾ ಅಂತ ಕೇಳಿ ಹೋದರು. ಈ ಹೆಸರಿಗೆ ಒಪ್ಪುವ ಗಿರಾಕಿ ಅಂದರೆ ನೀವೊಬ್ಬರೇ.'

ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವವಳು ಅವತ್ತು ಕೇಳಿದಷ್ಟು ಕೊಟ್ಟಳು. ಹೆಸರು ಕಾಣದಂತೆ ಸೆರಗು ಮುಚ್ಚಿ, ಹಂಡೆಯನ್ನು ಆಟೋದಲ್ಲಿ ಮನೆಗೆ ತಂದಳು. ಕೊಟ್ಟಿದ್ದು ವಾಪಸ್ ಬಂತು ಎಂದು ಊರು ನಕ್ಕಿತು. ವಾಪಸ್ ಬರುವುದೆಲ್ಲಿಂದ? ಆ ಹಂಡೆ ಅವಳ ಮನೆ ಬಿಟ್ಟು ಹೋಗಿರಲೇ ಇಲ್ಲ."

ಚನ್ನವೀರಮ್ಮ ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದಳು. "ಛೇ, ಎಂಥ ಹೆಂಗಸು! ಯಾರಮ್ಮಾ ಅವಳು? ನಮ್ಮ ಕಡೆಯವಳಾ?"

ಗುರುಮಾತೆ ಮುಖದ ಬೆವರು ಒರೆಸಿಕೊಂಡು ಹೇಳಿದರು. "ಸೆಕೆ ಆಗುತ್ತಿದೆ ತಾಯಿ, ಎದ್ದು ಆ ಫ್ಯಾನು ಹಾಕು."