ಗೇಣುದ್ದದ ಹಳೆಯ ಎಳೆ

“ಅಜ್ಜಾರ, ಒಬ್ಬೊಬ್ಬರಾಗಿ ಎಲ್ಲಾರೂ ಹೋಗ್ತಾರ. ಈ ಹೆದರಿಕಿ ಇಟ್ಟುಕೊಂಡು ಬದುಕೋದು ಹೆಂಗ?” ಎಂದು ಮುರಿಗೆಯ್ಯ ಮಠದ ಗುರುಗಳನ್ನು ಕೇಳಿದ.

ಮಠಕ್ಕೆ ಬಂದಾಗ ಅವನು ತಾಯಿಯಿಲ್ಲದ ಕೂಸು. ಈಗ ಅವನನ್ನು ಸಾಕಿ ಕಲಿಸಿದ ಗುರುಗಳಿಗೇ ಕೆಮ್ಮು ಹತ್ತಿತ್ತು. ಪಾಠದ ನಡುವೆ ದನಿ ಉಡುಗಿಹೋಗುತ್ತಿತ್ತು.

ಗುರುಗಳು ಬಿಸಿನೀರು ಗುಟುಕರಿಸಿ ಕತೆ ಶುರುಮಾಡಿದರು.

ಒಬ್ಬ ನೇಕಾರನಿದ್ದ. ಅವನು ಚಿಕ್ಕವನಿದ್ದಾಗ ತಾಯಿ ತೀರಿಕೊಂಡಳು. ಕೆಲವೇ ದಿನಗಳಲ್ಲಿ ಅಪ್ಪ ಮಗ್ಗದಿಂದ ಸೀರೆ ಕತ್ತರಿಸಿದ. ಕತ್ತರಿಯ ಸದ್ದಿಗೆ ಹುಡುಗ ಕಿರುಚಿಕೊಂಡ. ಮಗ್ಗವೂ ಸತ್ತಿತೆಂದು ಅವನಿಗೆ ಭಯ. ಅಪ್ಪ ಹತ್ತಿರ ಕರೆದು, ಹಣಿಗೆಯ ಹಲ್ಲುಗಳಲ್ಲಿ ಉಳಿದಿದ್ದ ಗೇಣುದ್ದದ ಎಳೆಗಳನ್ನು ತೋರಿಸಿದ. “ಪೂರಾ ಎಲ್ಲಿ ತಗದೀನೋ ಮಗನ? ಇದಕ್ಕ ಹೊಸಾ ಹಾಸು ಕೆಚ್ಚೋದು,” ಎಂದ. ಹಾಸೆಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲು. ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಹೊಸೆದು ಕೂಡಿಸುವುದೇ ಕೆಚ್ಚುವುದು. ಹಳೆಯದು ಮುಂದೆ ಸರಿಯುತ್ತದೆ, ಹೊಸದು ಅದರ ಬೆನ್ನು ಹಿಡಿದು ಅದೇ ದಾರಿಯಲ್ಲಿ ಬರುತ್ತದೆ.

ಅಪ್ಪ ಹೋದಾಗ ನೇಕಾರ ಅಳುತ್ತಲೇ ಅಪ್ಪ ಬಿಟ್ಟುಹೋದ ಎಳೆಗಳ ತುದಿಗೆ ತನ್ನ ಹಾಸು ಕೆಚ್ಚಿದ. ಅಷ್ಟರ ಮಟ್ಟಿಗೆ ಕಲಿತಿದ್ದ ಎನ್ನು. ಮುಪ್ಪಿನಲ್ಲಿ ಹೆಂಡತಿ ಹೋದಳು. ಹೋಗುವ ಮುಂಚೆ ಅವಳೊಂದು ಹಾಸು ಕೆಚ್ಚಿಟ್ಟಿದ್ದಳು. ನೇಯುತ್ತ ಹೋದಂತೆ ಅದು ಗಿಡ್ಡವಾಗುತ್ತ ಬಂತು, ಅವಳ ಕೈಯ ಎಳೆ ಮುಗಿದೇಹೋದೀತೆಂದು ಅವನಿಗೆ ಭಯ. ಕೊನೆಗೆ ಒಂದೆರಡು ಮೊಳ ಉಳಿದಾಗ ಲಾಳಿಯನ್ನು ಕೆಳಗಿಟ್ಟ. ಮಗ್ಗಕ್ಕೆ ಅವಳ ಹಳೆಯ ಸೀರೆ ಹೊದಿಸಿದ. ನೂಲಿಗೆ ಗಂಜಿ ಹಾಕಿರುತ್ತಾರಲ್ಲ, ಆ ವಾಸನೆಗೆ ಇಲಿಗಳು ಬಂದವು. ಕೋಲು ಹಿಡಿದು ಕಾವಲು ಕೂತ. ಗಾಳಿಗೆ ಕದ ಕಿರ್ರೆಂದರೂ ಬೆಚ್ಚಿಬೀಳುತ್ತಿದ್ದ. ಊಟದ ನೆನಪೇ ಇರಲಿಲ್ಲ.

ಮಗಳು ಬಂದು ನೋಡಿ, ಸೊಂಟಕ್ಕೆ ಕೈಕೊಟ್ಟು ನಿಂತಳು.

“ಏನಪ್ಪಾ, ಇಲಿಗೋಳಿಗೆ ಗಂಜಿ ಊಟ ಇಟ್ಟೀಯೇನು?”

“ಇದನ್ನ ಕತ್ತರಿಸಿದ್ರ ಅಕಿ ಪೂರಾ ಹೋಗ್ತಾಳವ್ವಾ.”

“ತುದೀನ ಇಲಿ ತಿಂದ್ರ ನಾ ಹೊಸಾ ಹಾಸು ಎದಕ್ಕ ಕೆಚ್ಚಲಿ?”

ಸೀರೆ ಸರಿಸಿ ನೋಡಿದರೆ ಅಂಚಿನ ಕೆಲವು ಎಳೆಗಳು ಆಗಲೇ ಇಲಿಯ ಹಲ್ಲಿಗೆ ಸಿಕ್ಕಿದ್ದವು. ಅವನು ಕೋಲು ಬದಿಗಿಟ್ಟ. ಮಗ್ಗದ ಕುಣಿಗಿಳಿದು ಉಳಿದಷ್ಟನ್ನೂ ನೇಯ್ದ. ಗೇಣುದ್ದ ಬಿಟ್ಟು ಕತ್ತರಿಸಿದ. ಮಗಳು ಬೆರಳಿಗೆ ಬೂದಿ ಹಚ್ಚಿಕೊಂಡು ಕೂತಳು. ಹೊಸೆದ ಎಳೆಯನ್ನು ಒಮ್ಮೆ ಮೆಲ್ಲಗೆ ಜಗ್ಗಿ ನೋಡಿದಳು. ಅದು ಅವಳ ತಾಯಿಯ ರೂಢಿ.

ಮುರಿಗೆಯ್ಯನಿಗೆ ತಡೆಯಲಾಗಲಿಲ್ಲ. “ಅಲ್ಲಿಗೆ ಅವನ ಹೆದರಿಕಿ ಹೋತೇನ್ರಿ ಅಜ್ಜಾರ?”

“ಎಲ್ಲಿ ಹೋಗ್ತದೋ ತಮ್ಮಾ! ಕತ್ತರಿ ಹಿಡಿದಾಗೆಲ್ಲಾ ಕೈ ನಡುಗತಿತ್ತು. ಆ ನಡುಗೋ ಕೈಲೇ ಗೇಣುದ್ದ ಬಿಡತಿದ್ದ.”

ಮತ್ತೆ ಕೆಮ್ಮು ಬಂತು. ಅದು ನಿಲ್ಲುವವರೆಗೂ ಮುರಿಗೆಯ್ಯ ಬಿಸಿನೀರಿನ ಲೋಟ ಹಿಡಿದು ಕೂತ. ಗುರುಗಳು ತಮ್ಮ ಮುಂದಿದ್ದ, ಪಾಠದ ಪುಸ್ತಕವಿಟ್ಟ ವ್ಯಾಸಪೀಠವನ್ನು ಮೆಲ್ಲಗೆ ಅವನ ಕಡೆಗೆ ಸರಿಸಿದರು.

“ನಾಳಿ ಮುಂಜಾನಿ ಪಾಠ ನೀನ ಹೇಳು.”