ಅವಳಕ್ಕಿ

ಹೊಳೆದಂಡೆಯ ಆ ಆಶ್ರಮದಲ್ಲಿ ಅವಲಕ್ಕಿ ಮಾಡಿ ಪೇಟೆಯ ಅಂಗಡಿಗೆ ಕಳಿಸುತ್ತಿದ್ದರು. ಭತ್ತ ನೆನೆಸಿ, ಹುರಿದು, ಕುಟ್ಟುವ ಕೆಲಸವೆಲ್ಲ ಹೊನ್ನಕ್ಕನದು.

ಪೊಟ್ಟಣಕ್ಕೊಂದು ಹೆಸರು ಯೋಚಿಸು ಎಂದು ಗುರುಗಳು ಶಿಷ್ಯ ಮಧುಕೇಶನಿಗೆ ಹೇಳಿದರು.

ಮೂರು ದಿನ ಯೋಚಿಸಿದ. ಆಮೇಲೆ ‘ಅವಳಕ್ಕಿ’ ಎಂದು ಚೀಟಿ ಅಚ್ಚು ಹಾಕಿಸಿ, ತಾನೇ ಕೂತು ಎಲ್ಲ ಪೊಟ್ಟಣಕ್ಕೂ ಅಂಟಿಸಿದ.

ವಾರ ಬಿಟ್ಟು ಪೇಟೆಗೆ ಹೋದರೆ, ಒಂದೊಂದು ಚೀಟಿಯಲ್ಲೂ ‘ಳ’ ಹೊಡೆದುಹಾಕಿ ಪೆನ್ನಿನಲ್ಲಿ ‘ಲ’ ಬರೆದಿತ್ತು.

“ಅಚ್ಚಿನವರು ತಪ್ಪು ಮಾಡಿದ್ದಾರೆ ಸ್ವಾಮಿ. ನಾನೇ ತಿದ್ದಿಬಿಟ್ಟೆ,” ಎಂದ ಅಂಗಡಿಯವ, ಉಪಕಾರ ಮಾಡಿದ ಸಂತೋಷದಲ್ಲಿ.

ಮಧುಕೇಶ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದ.

“ಗುರುಗಳೇ, ಹುಟ್ಟಿದಾಗಿನಿಂದ ಕನ್ನಡ ಆಡುವವರಿಗೂ ಇದು ತಿಳಿಯಲಿಲ್ಲ. ಅವಳ ಅಕ್ಕಿ, ಅವಳಕ್ಕಿ. ಇಷ್ಟು ಸುಲಭ.”

“ಅವಳು ಅಂದರೆ ಯಾರು?”

“ಹೊನ್ನಕ್ಕ. ಅವರ ದುಡಿಮೆ ನೆನೆದೇ ಆ ಹೆಸರಿಟ್ಟೆ.”

“ಅವರಿಗೆ ತೋರಿಸಿದೆಯಾ?”

“ಇಲ್ಲ.”

“ತೋರಿಸಿ ಬಾ.”

ಹೊನ್ನಕ್ಕ ಒನಕೆ ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಪೊಟ್ಟಣ ತೆಗೆದುಕೊಂಡರು. ಅಕ್ಷರ ಅಕ್ಷರ ಕೂಡಿಸಿ ಒಮ್ಮೆ ಓದಿದರು. ಎರಡನೇ ಸಲ ಬಿಡಿಸಿ ಓದಿದರು. “ಅವಳ... ಅಕ್ಕಿ. ಯಾರು, ನಾನಾ?”

“ಹೌದು ಹೊನ್ನಕ್ಕ! ನಿಮಗೆ ತಿಳಿಯಿತಲ್ಲ.”

“ತಿಳೀದೆ ಏನಪ್ಪಾ. ನಮ್ಮತ್ತೆ ಇರೋವರೆಗೂ ನನ್ನ ಹಂಗೇ ಅಂತಿದ್ರು. ಅವಳು ಎದ್ದಳಾ, ಅವಳು ಕುಟ್ಟಿದಳಾ, ಅಂತ. ಇಪ್ಪತ್ತು ವರ್ಷ.”

ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಹಿಡಿ ಬಿಸಿ ಅವಲಕ್ಕಿ ಅವನ ಕೈಗೆ ಹಾಕಿ, ಮತ್ತೆ ಒನಕೆ ಹಿಡಿದರು.

ಮಧುಕೇಶ ಅದನ್ನು ಬಾಯಿಗೆ ಹಾಕಲಾರದೆ ಹಾಗೇ ಹಿಡಿದುಕೊಂಡು ಗುರುಗಳ ಬಳಿಗೆ ಬಂದ.

“ಏನಂದರು?”

“ಓದಿದ ಕೂಡಲೇ ಅವರಿಗೆ ತಿಳಿಯಿತು. ನಾನೇ ತಲೆ ತಗ್ಗಿಸಿ ಬಂದೆ.”

ಗುರುಗಳು ಅವನ ಅಂಗೈಯಲ್ಲಿದ್ದ ಅವಲಕ್ಕಿ ನೋಡಿದರು.

“‘ಅವರಕ್ಕಿ’ ಎಂದು ಬದಲಿಸಲೇ, ಗುರುಗಳೇ? ಮರ್ಯಾದೆ ಉಳಿಯುತ್ತದೆ. ಆದರೆ ಮಾತಿನ ಆಟ ಹೋಗುತ್ತದೆ.”

ಗುರುಗಳು ಅವನ ಅಂಗೈಯಿಂದ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು.

“ರುಚಿಯಾಗಿದೆ,” ಎಂದರು. “ಅವರಿಗೊಂದು ಹೆಸರಿದೆಯಲ್ಲ, ಮಧುಕೇಶ.”