ಮರಿಸಿದ್ದ ಗಾಡಿಯ ಮೂಗು ಎತ್ತಿದ್ದು

ಸ್ವಲ್ಪ ಜರುಗಿ ಕೂತ್ಕೊಳ್ಳಿ, ಎಲ್ಲರಿಗೂ ಜಾಗ ಆಗಲಿ. ಹುಲಿಯೂರುದುರ್ಗದ ಸಂತೆಬೀದಿಯಲ್ಲಿ ಚೆನ್ನಾಜಮ್ಮ ಅಂತ ಒಬ್ಬಳು ತಾಯಿ, ಅವಳಿಗೆ ಮರಿಸಿದ್ದ ಅಂತ ಒಬ್ಬನೇ ಮಗ. ಮೂವತ್ತು ತುಂಬಿತ್ತು, ಮೀಸೆ ದಪ್ಪಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ಗುಣ, ಅದೇ ಅವನ ತಾಯಿಯ ಗೋಳು.

ಮನೆಯಲ್ಲಿ ತೀರಿಹೋದ ಗಂಡನದೊಂದು ಹಳೇ ಮೋಟಾರ್ ಸೈಕಲ್ಲಿತ್ತು. ವಯಸ್ಸಾಗಿ ಅದರ ಮುಂಭಾಗ ಕುಸಿದು, ಮೂಗು ನೆಲ ಮೂಸುತ್ತಿತ್ತು. ಮರಿಸಿದ್ದ ಅದರ ಮೇಲೇ ತಾಯಿಯನ್ನು ಕೂರಿಸಿಕೊಂಡು ಎರಡು ಕಡೆ ಹೆಣ್ಣು ನೋಡಿ ಬಂದಿದ್ದ. ಎರಡೂ ಕಡೆಯವರು ಒಂದೇ ಮಾತು ಹೇಳಿ ಕಳಿಸಿದ್ದರು: ಗಾಡಿಯನ್ನೇ ನೆಟ್ಟಗೆ ಇಟ್ಟುಕೊಳ್ಳದವನು ಹೆಂಡತಿಯನ್ನು ಏನು ನೋಡಿಕೊಂಡಾನು. ಈಗ ಅಮೃತೂರಿನಿಂದ ಮೂರನೆಯ ಕರೆ ಬಂದಿತ್ತು. ಇದೂ ತಪ್ಪಿದರೆ ಮಗ ಒಂಟಿಯಾಗೇ ಉಳಿಯುತ್ತಾನೆ ಅಂತ ಚೆನ್ನಾಜಮ್ಮನಿಗೆ ಹೆದರಿಕೆ. ಭಾನುವಾರದೊಳಗೆ ಗಾಡಿಯ ಮೂಗು ಎತ್ತಿಸು ಅಂತ ಮಗನನ್ನು ಗ್ಯಾರೇಜಿಗೆ ಅಟ್ಟಿದಳು. ನಂಬಿಕೆ ಸಾಲದೆ ತಾನೂ ಹಿಂದೆಯೇ ಹೋದಳು.

ಗ್ಯಾರೇಜಿನ ಖಾದರ್ ಸಾಬರು ಮುಂದಿನ ಎರಡು ಕೊಳವೆ ಬಿಚ್ಚಿದರು. ಒಂದೊಂದರಲ್ಲೂ ಒಂದು ಉದ್ದನೆಯ ಸ್ಪ್ರಿಂಗು, ಒಂದಿಷ್ಟು ಕಪ್ಪು ಎಣ್ಣೆ. ಇಪ್ಪತ್ತು ವರ್ಷ ಗಂಡನ ಬೆನ್ನ ಹಿಂದೆ ಕೂತು ತಿರುಗಿದ್ದರೂ ಗಾಡಿಯ ಕಾಲೊಳಗೆ ಇಂಥದ್ದೊಂದಿದೆ ಅಂತ ಚೆನ್ನಾಜಮ್ಮನಿಗೆ ಅವತ್ತೇ ಗೊತ್ತಾಗಿದ್ದು. ಅವಳೂ ಬಗ್ಗಿ ನೋಡಿದಳು, ಮಗನೂ ಬಗ್ಗಿ ನೋಡಿದ. ಸ್ಪ್ರಿಂಗು ಕುಗ್ಗಿಹೋಗಿದೆ, ಒಂದನ್ನ ಹಿಡಕೊಂಡು ಹೋಗಿ ಇದರ ಹಾಗೇ ಇರೋ ಎರಡು ತಗೊಂಡು ಬಾ ಅಂದರು ಸಾಬರು.

ಮರಿಸಿದ್ದ ಹೋದ. ಅಂಗಡಿಯವನು ಹೊಸ ಸ್ಪ್ರಿಂಗು ಕೊಟ್ಟ. ಪಕ್ಕಕ್ಕಿಟ್ಟು ನೋಡಿದರೆ ಹಳೇದಕ್ಕಿಂತ ಎರಡು ಬೆರಳು ಉದ್ದ. ಇದರ ಹಾಗಿಲ್ಲವಲ್ಲ ಅಂತ ಬೇಡ ಅಂದ. ಅಂಗಡಿ ಅಂಗಡಿ ಅಲೆದ, ಕೊನೆಗೆ ಗುಜರಿಯಲ್ಲಿ ಹುಡುಕಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕುಗ್ಗಿದ್ದ ಎರಡು ಸ್ಪ್ರಿಂಗು ತಂದ. ಸಾಬರು ತಲೆ ಚಚ್ಚಿಕೊಂಡರು.

"ಬಳಸಿ ಸವೆದಿದ್ದನ್ನ ಅಳತೆ ಅಂತ ಹಿಡೀತಾರೇನಪ್ಪ? ಅದಕ್ಕಿಂತ ಎರಡು ಬೆರಳು ಜಾಸ್ತಿ ಇರೋದನ್ನ ತರಬೇಕು."

"ಆಗಲಿ ಸಾಬರೇ, ಇನ್ನು ಮೇಲೆ ಹಂಗೇ ಮಾಡ್ತೀನಿ," ಅಂದ ಮರಿಸಿದ್ದ. ಹೊಸ ಸ್ಪ್ರಿಂಗು ತಂದುಕೊಟ್ಟ.

ಮಾರನೆಯ ದಿನ ಚೆನ್ನಾಜಮ್ಮ ತನ್ನ ಅಳತೆ ರವಿಕೆ ಕೊಟ್ಟು, ಬೀಗರ ಮನೆಗೆ ಉಡೋ ಸೀರೆಗೊಂದು ರವಿಕೆ ಹೊಲಿಸಿಕೊಂಡು ಬಾ ಅಂತ ದರ್ಜಿಯ ಹತ್ತಿರ ಕಳಿಸಿದಳು. ಇದು ಬಳಸಿ ಸವೆದಿದ್ದು, ಎಲ್ಲಾ ಕಡೆ ಎರಡು ಬೆರಳು ಜಾಸ್ತಿ ಇಡಿ ಅಂತ ಮರಿಸಿದ್ದ ದರ್ಜಿಗೆ ಹೇಳಿದ. ಹೊಲಿದು ಬಂದ ರವಿಕೆಯಲ್ಲಿ ಚೆನ್ನಾಜಮ್ಮನ ಜೊತೆ ಪಕ್ಕದ ಮನೆಯವಳಿಗೂ ಜಾಗವಿತ್ತು. ತಾಯಿ ಅತ್ತಳೋ ನಕ್ಕಳೋ ಅವಳಿಗೇ ಗೊತ್ತಾಗಲಿಲ್ಲ. ಕಬ್ಬಿಣದ ಮಾತು ಬಟ್ಟೆಗೆ ತರಬೇಡ, ಒಳಗೆ ಗಾಳಿ ಆಡದ ಹಾಗೆ ಬಿಗಿಯಾಗಿರಬೇಕು ಅಂತ ಬೈದಳು.

"ಆಗಲಿ ಕಣವ್ವ, ಇನ್ನು ಮೇಲೆ ಹಂಗೇ ಮಾಡ್ತೀನಿ."

ಶನಿವಾರ ಸಾಬರು ಸ್ಪ್ರಿಂಗು ಕೂರಿಸಿ, ಒಂದೊಂದು ಕೊಳವೆಗೆ ಒಂದು ಲೋಟ ಎಣ್ಣೆ ಹಾಕು ಅಂತ ಹೇಳಿ ನಮಾಜಿಗೆ ಹೋದರು. ಮರಿಸಿದ್ದ ಒಂದು ಲೋಟ ಹಾಕಿ ಇಣುಕಿ ನೋಡಿದ. ಮೇಲೆ ಖಾಲಿ. ಇಲ್ಲಿ ಗಾಳಿ ಆಡುತ್ತಲ್ಲ ಅನ್ನಿಸಿತು. ಎರಡಕ್ಕೂ ಕಂಠಪೂರ್ತಿ ಹುಯ್ದು ಮುಚ್ಚಳ ಬಿಗಿದ. ಸಾಬರು ಬಂದು ಗಾಡಿ ಹತ್ತಿದರೆ ಮೂಗು ಕಲ್ಲಿನ ಹಾಗೆ ನಿಂತಿದೆ, ಒಂದಿಷ್ಟೂ ಬಗ್ಗದು. ಮೊದಲನೆಯ ಗುಂಡಿಗೆ ಚಕ್ರ ಇಳಿದದ್ದೇ ತಡ, ಎಡಗಡೆಯ ಕೊಳವೆಯಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲು ಕಿತ್ತು ಎಣ್ಣೆಯೆಲ್ಲ ಅವರ ಬಿಳಿ ಪೈಜಾಮಕ್ಕೆ ಹಾರಿತು.

ಎಣ್ಣೆಗೆ ಅಲ್ಲಾಡಕ್ಕೆ ಜಾಗ ಬೇಡವಾ ಅಂತ ಸಾಬರು ಕೂಗಾಡಿದರು. ಆಮೇಲೆ ಎರಡು ಹೊಸ ಸೀಲು ತೆಗೆದರು. ಹೋಗಿದ್ದು ಒಂದೇ ಅಲ್ಲವೇ ಅಂತ ಮರಿಸಿದ್ದ ಕುತೂಹಲದಿಂದ ಕೇಳಿದ.

"ಸೀಲಾಗಲಿ ಸ್ಪ್ರಿಂಗಾಗಲಿ, ಜೋಡಿಯಾಗಿ ದುಡಿದಿದ್ದಕ್ಕೆ ಒಂದು ಕಡೆ ಮಾತ್ರ ಹೊಸದು ಹಾಕಬಾರದು ಕಣಪ್ಪ. ಒಂದು ಕಡೆ ಎದ್ದು ನಿಲ್ಲುತ್ತೆ, ಇನ್ನೊಂದು ಕಡೆ ಕುಸಿದೇ ಇರುತ್ತೆ. ಗಾಡಿ ಒಂದು ಕಡೆಗೆ ಎಳೆಯುತ್ತೆ. ಹಾಕಿದರೆ ಎರಡಕ್ಕೂ ಹಾಕು."

ಇದು ಮರಿಸಿದ್ದನಿಗೆ ಬಹಳ ಹಿಡಿಸಿತು. ದಾರಿಯುದ್ದಕ್ಕೂ ಅದನ್ನೇ ಗೊಣಗಿಕೊಂಡು ಮನೆಗೆ ಬಂದ. ಇವನ ತಲೆಯೊಳಗೆ ಈಗ ಏನು ಓಡುತ್ತಿದೆಯೋ ಅಂತ ಚೆನ್ನಾಜಮ್ಮ ಅವನ ಮುಖವನ್ನೇ ನೋಡಿದಳು. ನಾಳೆ ಅಲ್ಲಿ ಏನು ಕೇಳಿದರೂ ಹೂಂ ಅನ್ನು, ಬೇರೆ ಏನೂ ಆಡಬೇಡ ಅಂತ ಆಣೆ ಮಾಡಿಸಿಕೊಂಡಳು.

ಭಾನುವಾರ ಗಾಡಿ ಮೂಗೆತ್ತಿಕೊಂಡು ಅಮೃತೂರು ಸೇರಿತು. ಹಳೇ ರವಿಕೆಯನ್ನೇ ತೊಟ್ಟಿದ್ದರೂ ಚೆನ್ನಾಜಮ್ಮನಿಗೆ ಹೆಮ್ಮೆ. ಹುಡುಗಿ ಸಾಕಮ್ಮನಿಗೆ ತಂದೆ ಇರಲಿಲ್ಲ, ಮಾತುಕತೆ ನಡೆಸುವವರು ಸೋದರಮಾವ ಚೌಡೇಗೌಡರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿದ್ದ ಮನುಷ್ಯ, ಭುಜ ಕುಸಿದು ಮುಂದಕ್ಕೆ ಬಾಗಿ ಕೂತಿದ್ದರು. ದಾರಿ ಗೊತ್ತಾಯ್ತಾ ಅಂದರೆ ಮರಿಸಿದ್ದ ಹೂಂ ಅಂದ. ಹುಡುಗಿ ಒಪ್ಪಿಗೆಯಾ ಅಂದರೆ ಹೂಂ ಅಂದ. ಸಾಕಮ್ಮ ತಲೆಬಗ್ಗಿಸಿ ನಕ್ಕು ಒಳಗೆ ಹೋದಳು. ಇನ್ನೇನು ಎಲೆ ಅಡಿಕೆ ಬದಲಾಯಿಸಬೇಕು ಅಂತ ಚೆನ್ನಾಜಮ್ಮ ನಿರಾಳವಾದಳು.

"ನಿಂದೇನಾದ್ರೂ ಕೇಳೋದೈತೇನಪ್ಪ?" ಅಂದರು ಗೌಡರು.

"ಹೂಂ," ಅಂದ ಮರಿಸಿದ್ದ. ಹೂಂ ಅಂದ ಮೇಲೆ ಕೇಳಲೇಬೇಕಲ್ಲ.

"ನಮ್ಮಪ್ಪ ಹೋದಾಗಿಂದ ನಾನೂ ಅವ್ವನೂ ಜೋಡಿಯಾಗಿ ದುಡಿದಿದ್ದೀವಿ. ನನಗೊಬ್ಬನಿಗೇ ಹೊಸದು ಕೊಟ್ಟರೆ ನನ್ನ ಕಡೆ ಎದ್ದು ನಿಲ್ಲುತ್ತೆ, ಅವ್ವನ ಕಡೆ ಕುಸಿದೇ ಇರುತ್ತೆ. ಕೊಟ್ಟರೆ ಎರಡು ಕಡೆಗೂ ಕೊಡಿ. ಅವ್ವನಿಗೂ ಒಂದು ಗಂಡು ನೋಡಿ."

ಚೆನ್ನಾಜಮ್ಮನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಸೆರಗು ಬಾಯಿಗೆ ತುರುಕಿಕೊಂಡಳು. ಗಂಡ ಹೋದ ಹನ್ನೊಂದು ವರ್ಷದಲ್ಲಿ ಅವಳ ಕಡೆ ಏನಾಗಿದೆ ಅಂತ ಒಬ್ಬರೂ ಇಣುಕಿ ನೋಡಿರಲಿಲ್ಲ, ನೋಡಿದವನು ಈ ಪೆದ್ದ. ಒಳಗೆ ಸಾಕಮ್ಮ ತಡೆಯಲಾರದೆ ನಕ್ಕಿದ್ದು ಹೊರಗೆ ಕೇಳಿಸಿತು.

ಚೌಡೇಗೌಡರು ನಗಲಿಲ್ಲ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಎರಡೂ ಭುಜ ಎತ್ತಿ, ಆರು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ಕೂತರು. ಕಾಫಿಗೆ ಸಕ್ಕರೆ ಸಾಕಾ ಅಂತ ಚೆನ್ನಾಜಮ್ಮನನ್ನು ಕೇಳಿದರು.